ಗಟಾರಕ್ಕೆ ಹೋದದ್ದರ ತೂಕ

ಹುಬ್ಬಳ್ಳಿಯಲ್ಲಿ ಒಡವೆ ಮಾಡುವವರು, ಮಾರುವವರು, ಒಂದಿಷ್ಟು ಗಿರಾಕಿಗಳು ಮತ್ತು ಕಾಲೇಜು ಹುಡುಗರು ಸೇರಿದ್ದ ಒಂದು ಸಂಜೆ ನಾನು ಆಡಿದ ಮಾತುಗಳಿವು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಮೂರು ಸಲ ಹೇಳಿದ್ದನ್ನು ಒಂದು ಸಲ ಮಾಡಿದ್ದೇನೆ. ನಡುವೆ ಕರೆಂಟು ಹೋಗಿ ಮೈಕ್ ನಿಂತಾಗ ಕೂಗಿ ಹೇಳಿದ್ದು ಹಿಂದಿನ ಸಾಲಿಗೆ ಕೇಳಿಸಲಿಲ್ಲವಂತೆ. ಅದೂ ಇಲ್ಲಿದೆ.

ಎಲ್ಲರಿಗೂ ನಮಸ್ಕಾರ. ನಾನು ಭಾಷಣ ಮಾಡುವವನಲ್ಲ, ಪತ್ತಾರ ಮನೆತನದವನು, ಅಂದರೆ ಅಕ್ಕಸಾಲಿಗ. ಜವಳಿ ಸಾಲಿನ ಹಿಂದಿನ ಒಂದು ಗಲ್ಲಿಯಲ್ಲಿ, ಮಹಡಿ ಮೇಲೆ ನಮ್ಮ ಅಂಗಡಿ ಇದೆ. ಅಂಗಡಿ ಅಂದರೆ ಶೋರೂಮ್ ಅಲ್ಲ, ಕೆಲಸದ ಮನೆ. ನನ್ನನ್ನೂ ಸೇರಿಸಿ ಹನ್ನೊಂದು ಜನ ಕೂತು ಕೆಲಸ ಮಾಡುತ್ತೇವೆ. ನನಗೆ ಕೊಟ್ಟ ವಿಷಯ ‘ಆಭರಣ ತಯಾರಿಕೆಯಲ್ಲಿ ಸಾಮಾಜಿಕ ಮತ್ತು ಪರಿಸರ ಹೊಣೆಗಾರಿಕೆ’. ಕಾಗದದ ಮೇಲೆ ಓದಿ ಗಾಬರಿಯಾಯಿತು. ಇಷ್ಟು ಉದ್ದದ ಹೆಸರು ನಮ್ಮ ಮೆಟ್ಟಿಲು ಹತ್ತಿ ಬರುತ್ತದೋ ಇಲ್ಲವೋ ಅಂತ. ಅದಕ್ಕೇ ನನಗೆ ಚೆನ್ನಾಗಿ ಗೊತ್ತಿರುವ ಒಂದು ಡ್ರಮ್ಮಿನಿಂದ ಶುರು ಮಾಡುತ್ತೇನೆ.

ನಮ್ಮಲ್ಲಿ ಕೈ ತೊಳೆಯುವ ನಲ್ಲಿ ಇದೆ. ಅದರ ಕೆಳಗೆ ಗಟಾರಕ್ಕೆ ಹೋಗುವ ಪೈಪ್ ಇಲ್ಲ, ಒಂದು ಡ್ರಮ್ ಇದೆ. ಊಟಕ್ಕೆ ಎದ್ದವರು, ಚಹಾಕ್ಕೆ ಹೊರಟವರು, ಸಂಜೆ ಮನೆಗೆ ಹೋಗುವವರು ಎಲ್ಲರೂ ಅದರ ಮೇಲೇ ಕೈ ತೊಳೆಯಬೇಕು. ಉಗುರಿನ ಸಂದಿಯಲ್ಲಿ ಕೂತ ಚಿನ್ನದ ಪುಡಿ ಅದರ ತಳಕ್ಕೆ ಇಳಿಯುತ್ತದೆ. ಕೂರುವ ಚಾಪೆಯನ್ನು ವರ್ಷಕ್ಕೊಮ್ಮೆ ಸುಟ್ಟು ಬೂದಿ ತೆಗೆದಿಡುತ್ತೇವೆ. ಚಿನ್ನ ಕರಗಿಸುವ ಹಳೆಯ ಮೂಸೆ ಒಡೆದು ಕುಟ್ಟುತ್ತೇವೆ. ಉಜ್ಜಿದ ಕಾಗದ, ಒರೆಸಿದ ಬಟ್ಟೆ, ಗುಡಿಸಿದ ಕಸ, ಯಾವುದನ್ನೂ ಎಸೆಯುವುದಿಲ್ಲ. ಈ ಕಸಕ್ಕೂ ಗಿರಾಕಿ ಇದ್ದಾರೆ. ಕೊಂಡು ಒಯ್ದು, ತೊಳೆದು, ಚಿನ್ನ ತೆಗೆಯುತ್ತಾರೆ. ನಮ್ಮ ಗಲ್ಲಿಯ ಮುಂದಿನ ರಸ್ತೆಯ ಧೂಳನ್ನು ಬೆಳಗಿನ ಜಾವ ಗುಡಿಸಿ ಒಯ್ಯುವವರನ್ನು ನಾನು ಸಣ್ಣವನಿದ್ದಾಗ ನೋಡಿದ್ದೇನೆ.

ಈ ಕೆಲಸ ನಮ್ಮ ಸೀಮೆಗೆ ಹೊಸದಲ್ಲ. ಗದಗ ಜಿಲ್ಲೆಯ ಕಪ್ಪತಗುಡ್ಡದ ಸುತ್ತ, ಡೋಣಿ, ಸೊರಟೂರು ಕಡೆಯ ಹಳ್ಳಗಳಲ್ಲಿ ಮಳೆ ಬಂದು ಹೋದ ಮೇಲೆ ಉಸುಕು ಜಾಲಿಸಿ ಚಿನ್ನದ ಕಣ ಹುಡುಕುವವರಿದ್ದರು. ಜಾಲಗಾರರು ಅಂತ ಅವರ ಹೆಸರು. ಬ್ರಿಟಿಷರ ಕಾಲದ ಧಾರವಾಡ ಜಿಲ್ಲಾ ಗೆಜೆಟಿಯರಿನಲ್ಲೂ ಅವರ ಮಾತು ಬರುತ್ತದೆ. ದಿನವಿಡೀ ನೀರಲ್ಲಿ ನಿಂತು ಮರದ ಬಾನಿಯಂಥ ಮರಿಗೆಯನ್ನು ಅಲ್ಲಾಡಿಸಿದರೆ ಅಂದಿನ ಕೂಲಿ ಹುಟ್ಟಿದರೆ ಹುಟ್ಟಿತು, ಇಲ್ಲದಿದ್ದರೆ ಇಲ್ಲ.

ನಾವು ಇಷ್ಟು ಹುಷಾರಿನ ಜನ. ಪಕ್ಕದವರ ಫ್ಯಾನ್ ಗಾಳಿಗೆ ತಕ್ಕಡಿ ಅಲುಗಿದರೂ ಜಗಳ ತೆಗೆಯುತ್ತೇವೆ. ಒಂದು ಮಿಲಿಗ್ರಾಂ ಹೋದರೆ ರಾತ್ರಿ ನಿದ್ದೆ ಬರುವುದಿಲ್ಲ. ಆದರೆ ಅದೇ ಅಂಗಡಿಯಿಂದ ನೀರಿನ ಜೊತೆ ಏನು ಹೋಗುತ್ತದೆ, ಹೊಗೆಯ ಜೊತೆ ಏನು ಹೋಗುತ್ತದೆ, ಕೆಲಸಗಾರನ ಎದೆಯೊಳಗೆ ಏನು ಹೋಗುತ್ತದೆ, ಅದನ್ನು ಯಾರಾದರೂ ತೂಗಿದ್ದೇವಾ? ನಾನಂತೂ ತೂಗಿರಲಿಲ್ಲ. ತೂಗುವ ಹಾಗೆ ಮಾಡಿದ್ದು ಒಂದು ತುಳಸಿ ಗಿಡ.

ನಮ್ಮ ಅಂಗಡಿಯ ಹಿಂದೆ ಒಂದು ಮನೆ. ಅಲ್ಲಿ ಒಬ್ಬ ಅಜ್ಜಿ ಇದ್ದರು. ನಾವು ಚಿನ್ನ ಶುದ್ಧ ಮಾಡುವಾಗ ಬರುವ ಹೊಗೆಯನ್ನು ಒಂದು ಫ್ಯಾನ್ ಹಾಕಿ ಹಿಂದಿನ ಕಿಟಕಿಯಿಂದ ಹೊರಗೆ ತಳ್ಳುತ್ತಿದ್ದೆವು. ನಮಗೆ ಕೆಮ್ಮು ಕಡಿಮೆಯಾಯಿತು, ಕೆಲಸ ಆಯಿತು ಅಂದುಕೊಂಡಿದ್ದೆವು. ಒಂದು ದಿನ ಅಜ್ಜಿ ಮೆಟ್ಟಿಲು ಹತ್ತಿ ಬಂದರು. ಕೈಯಲ್ಲಿ ಸುಟ್ಟಂತಾದ ನಾಲ್ಕು ತುಳಸಿ ಎಲೆ. “ಪತ್ತಾರ, ಇದು ಮೂರನೇ ಗಿಡ ನೋಡ್ರಿ. ನೀರ ಹಾಕೇನಿ, ಗೊಬ್ಬರ ಹಾಕೇನಿ. ನಿಮ್ಮ ಹೊಗಿಗೆ ಏನ ಹಾಕ್ಲಿ?” ಅಂದರು. ಜಗಳ ಮಾಡಲಿಲ್ಲ, ಹೋಗಿಬಿಟ್ಟರು. ಜಗಳ ಮಾಡಿದ್ದರೆ ನಾನೂ ಜಗಳ ಮಾಡಿ ಮರೆತುಬಿಡುತ್ತಿದ್ದೆ.

ಆ ಹೊಗೆ ಏನು ಅಂತ ಇಲ್ಲಿರುವ ಹುಡುಗರಿಗೆ ಹೇಳಬೇಕು. ಹಳೆಯ ಒಡವೆ ಕರಗಿಸಿ ಶುದ್ಧ ಚಿನ್ನ ತೆಗೆಯಬೇಕಾದರೆ ಅದಕ್ಕೆ ಸುಮಾರು ಮೂರು ಪಟ್ಟು ಬೆಳ್ಳಿ ಸೇರಿಸುತ್ತೇವೆ. ಚಿನ್ನ ಕಾಲು ಭಾಗ, ಉಳಿದದ್ದು ಮುಕ್ಕಾಲು. ಆಮೇಲೆ ನೈಟ್ರಿಕ್ ಆ್ಯಸಿಡ್ಡಿನಲ್ಲಿ ಕುದಿಸುತ್ತೇವೆ. ಬೆಳ್ಳಿ, ತಾಮ್ರ ಎಲ್ಲ ಕರಗಿ ಹೋಗುತ್ತವೆ. ಚಿನ್ನ ಕರಗುವುದಿಲ್ಲ, ಕಂದು ಪುಡಿಯಾಗಿ ತಳದಲ್ಲಿ ಕೂರುತ್ತದೆ. ಈ ಕರಗುವ ಹೊತ್ತಿನಲ್ಲಿ ಇಟ್ಟಿಗೆ ಬಣ್ಣದ ಹೊಗೆ ಏಳುತ್ತದೆ. ಅದು ನೈಟ್ರೋಜನ್ ಡೈಆಕ್ಸೈಡ್. ಅದರ ಮೋಸ ಏನೆಂದರೆ, ಕುಡಿದಾಗ ಸ್ವಲ್ಪ ಕೆಮ್ಮು ಬಂದು ನಿಲ್ಲುತ್ತದೆ. ಜಾಸ್ತಿ ಕುಡಿದಿದ್ದರೆ ಕೆಲವು ಗಂಟೆ ಕಳೆದ ಮೇಲೆ ಪುಪ್ಪುಸದಲ್ಲಿ ನೀರು ತುಂಬುತ್ತದೆ. ಮನೆಗೆ ಹೋಗಿ ಊಟ ಮಾಡಿ ಮಲಗಿದವನು ನಡುರಾತ್ರಿ ಉಸಿರಿಗೆ ಒದ್ದಾಡುತ್ತಾನೆ. ಯಾಕೆ ಅಂತ ಅವನಿಗೂ ಗೊತ್ತಾಗುವುದಿಲ್ಲ.

ಹೊಗೆ ಕಣ್ಣಿಗೆ ಕಾಣುತ್ತದೆ. ನೀರಿನ ಕಥೆ ಇನ್ನೂ ಸೊಗಸಾಗಿದೆ. ಬೆಳ್ಳಿ ಆ್ಯಸಿಡ್ಡಿನಲ್ಲಿ ಕರಗಿದೆ, ಅದನ್ನು ವಾಪಸ್ ತೆಗೆಯಬೇಕಲ್ವಾ? ಬೆಳ್ಳಿಯನ್ನು ಬಿಡುವವರಾ ನಾವು! ತಾಮ್ರದ ಪಟ್ಟಿ ಇಳಿಬಿಡುತ್ತೇವೆ. ತಾಮ್ರ ಕರಗುತ್ತಾ ಹೋಗುತ್ತದೆ, ಬೆಳ್ಳಿ ಹಿಟ್ಟಿನ ಹಾಗೆ ಕೆಳಗೆ ಉದುರುತ್ತದೆ. ಬೆಳ್ಳಿ ಬಸಿದುಕೊಂಡ ಮೇಲೆ ಉಳಿಯುವ ನೀರು ನವಿಲಿನ ಕತ್ತಿನ ಬಣ್ಣದ್ದು. ನೋಡಲು ಬಲು ಚೆಂದ. ಅದನ್ನು ಮೂವತ್ತು ವರ್ಷ ನಾವು ಗಟಾರಕ್ಕೆ ಚೆಲ್ಲಿದೆವು. ನನ್ನ ಅಪ್ಪನೂ ಚೆಲ್ಲಿದರು, ನಾನೂ ಚೆಲ್ಲಿದೆ.

ತುಳಸಿ ಅಜ್ಜಿ ಬಂದು ಹೋದ ವಾರ ನಾನು ಇದರ ಲೆಕ್ಕ ಹಾಕಿದೆ. ಬಿ.ಎಸ್ಸಿ. ಓದುವ ಮಗಳು ಪಕ್ಕದಲ್ಲಿ ಕೂತು ಹಾಕಿಸಿದಳು ಅನ್ನಿ. ಐವತ್ತು ಗ್ರಾಂ ಚಿನ್ನ ಶುದ್ಧ ಮಾಡಲು 150 ಗ್ರಾಂ ಬೆಳ್ಳಿ. ಅಷ್ಟು ಬೆಳ್ಳಿ ವಾಪಸ್ ಬೀಳಬೇಕಾದರೆ ಕಮ್ಮಿಯೆಂದರೂ 44 ಗ್ರಾಂ ತಾಮ್ರ ಕರಗಲೇಬೇಕು. ಅದು ರಸಾಯನಶಾಸ್ತ್ರದ ಲೆಕ್ಕ, ಅದರಲ್ಲಿ ಚೌಕಾಸಿ ಇಲ್ಲ. ಕುಡಿಯುವ ನೀರಿನಲ್ಲಿ ತಾಮ್ರ ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಬಾರದು ಅಂತ ನಮ್ಮ ದೇಶದ ಮಾನಕ ಹೇಳುತ್ತದೆ. ಹಾಗಾದರೆ 44 ಗ್ರಾಂ ತಾಮ್ರ ಎಷ್ಟು ನೀರು ಕೆಡಿಸುತ್ತದೆ? ಇಪ್ಪತ್ತೊಂಬತ್ತು ಸಾವಿರ ಲೀಟರ್. ಟ್ಯಾಂಕರಿಗೆ ಐದು ಸಾವಿರದಂತೆ ಆರು ಟ್ಯಾಂಕರ್. ನಲ್ಲಿ ನೀರಿಗಾಗಿ ದಿನಗಟ್ಟಲೆ ಕಾಯುವ ಊರು ನಮ್ಮದು. ಟ್ಯಾಂಕರ್ ಅಂದರೆ ಏನು ಅಂತ ನಿಮಗೆ ಹೇಳಬೇಕಾಗಿಲ್ಲ. ಐದು ತೊಲ ಚಿನ್ನಕ್ಕೆ ಆರು ಟ್ಯಾಂಕರ್ ನೀರು!

ಗಟಾರಕ್ಕೆ ಹೋದದ್ದು ಎಲ್ಲಿಗೆ ಹೋಗುತ್ತದೆ? ನಾಲಾಕ್ಕೆ. ಉಣಕಲ್ ಕೆರೆಯಿಂದ ಹೊರಟು ಊರ ನಡುವೆ ಹಾದು ಹೋಗುವ ನಾಲಾ ಎಲ್ಲರಿಗೂ ಗೊತ್ತು, ಮೂಗಿಗಂತೂ ಗೊತ್ತು. ಊರು ದಾಟಿದ ಮೇಲೆ ಬಿಡ್ನಾಳ, ಗಬ್ಬೂರು, ಕಟ್ನೂರು ಕಡೆ ರೈತರು ಈ ಹೊಲಸು ನೀರನ್ನೇ ಪಂಪು ಹಾಕಿ ಎತ್ತಿ ಬೆಳೆ ಬೆಳೆದಿದ್ದಾರೆ, ತರಕಾರಿಯನ್ನೂ ಬೆಳೆದಿದ್ದಾರೆ. ಬೇರೆ ನೀರಿಲ್ಲ, ಅವರ ತಪ್ಪಲ್ಲ. ಆ ತರಕಾರಿ ಮತ್ತೆ ಹುಬ್ಬಳ್ಳಿ ಸಂತೆಗೇ ಬರುತ್ತದೆ. ನಾನು ಚೆಲ್ಲಿದ ತಾಮ್ರ ನನ್ನ ತಾಟಿಗೇ ಬಂತು ಅಂತ ನಾಟಕದ ಮಾತು ಆಡಲ್ಲ, ಅದನ್ನು ನಾನು ಅಳೆದು ನೋಡಿಲ್ಲ. ಆದರೆ ದಾರಿ ಅದೇ. ನಾಲಾಕ್ಕೆ ಬೀಳುವ ಹೊಲಸಿನಲ್ಲಿ ದೊಡ್ಡ ಪಾಲು ಊರಿನದು, ನಮ್ಮದು ಚಿಟಿಕೆ. ಚಿಟಿಕೆಯ ಬೆಲೆ ಗೊತ್ತಿರುವ ಕಸುಬು ನಮ್ಮದು ಅನ್ನುವುದಷ್ಟೇ ನನ್ನ ತಕರಾರು.

ಈಗ ಏನು ಮಾಡುತ್ತೇವೆ ಅಂತ ಹೇಳುತ್ತೇನೆ, ಬೇಕಾದವರು ಬರೆದುಕೊಳ್ಳಿ. ಆ್ಯಸಿಡ್ ಕೆಲಸಕ್ಕೆ ಗಾಜು ಹಚ್ಚಿದ ಒಂದು ಪೆಟ್ಟಿಗೆ ಮಾಡಿಸಿದೆ. ಹೊಗೆ ನೇರವಾಗಿ ಹೊರಗೆ ಹೋಗುವುದಿಲ್ಲ, ಕಾಸ್ಟಿಕ್ ಸೋಡಾ ನೀರಿನ ಮೂಲಕ ಹಾದು ಹೋಗುತ್ತದೆ. ನೀಲಿ ನೀರನ್ನು ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಹಾಕಿ, ಅದರಲ್ಲಿ ಗುಜರಿಯ ಹಳೇ ಕಬ್ಬಿಣ ಬಿಡುತ್ತೇವೆ. ತಾಮ್ರ ಬೆಳ್ಳಿಗೆ ಏನು ಮಾಡಿತೋ, ಕಬ್ಬಿಣ ತಾಮ್ರಕ್ಕೆ ಅದನ್ನೇ ಮಾಡುತ್ತದೆ. ಎರಡು ದಿನ ಬಿಟ್ಟು ನೋಡಿದರೆ ಮೊಳೆಯ ಮೇಲೆಲ್ಲ ಕೆಂಪು ತಾಮ್ರ. ಅದನ್ನು ಕೆರೆದು ತೆಗೆದರೆ ಮಾರಬಹುದು, ಪುಣ್ಯದ ಕೆಲಸವೇನಲ್ಲ. ಉಳಿದ ನೀರಿಗೆ ಸುಣ್ಣ ಹಾಕಿ ಹುಳಿ ಮುರಿಯುತ್ತೇವೆ. ಲಿಟ್ಮಸ್ ಪಟ್ಟಿಯಂಥದ್ದು ಸಿಗುತ್ತದೆ, ಅದರ ಬಣ್ಣ ನೋಡಿ ನಿಲ್ಲಿಸುವುದು. ಉಳಿದ ಲೋಹ ರಾಡಿಯಾಗಿ ಕೆಳಗೆ ಕೂರುತ್ತದೆ. ಈ ರಾಡಿಯ ಮಾತು ಆಮೇಲೆ ಬರುತ್ತದೆ, ಅದೊಂದು ತಲೆನೋವು.

ಸಯನೈಡ್ ಬಗ್ಗೆ ಎರಡೇ ಮಾತು. ಗಿಲೀಟು ಅಂದರೆ ಚಿನ್ನದ ಲೇಪ ಮಾಡುವವರು, ಪಾಲಿಶ್ ಮಾಡುವವರು ಬಳಸುತ್ತಾರೆ ಅಂತ ಎಲ್ಲರಿಗೂ ಗೊತ್ತು. ಸಯನೈಡ್ ನೀರು ಮತ್ತು ಆ್ಯಸಿಡ್ ನೀರು ಒಂದೇ ಗಟಾರದಲ್ಲಿ, ಒಂದೇ ಬಕೆಟ್ಟಿನಲ್ಲಿ ಸೇರಿದರೆ ಏಳುವ ಗಾಳಿ ಆಳನ್ನು ನಿಂತಲ್ಲೇ ಬೀಳಿಸುತ್ತದೆ. ಎರಡು ಕೆಲಸ ಒಂದೇ ಕೋಣೆಯಲ್ಲಿ ಇಟ್ಟುಕೊಂಡವರು ಇವತ್ತು ರಾತ್ರಿಯೇ ಬೇರೆ ಮಾಡಿ. ನಾನು ಸಯನೈಡ್ ಬಿಟ್ಟು ಎಂಟು ವರ್ಷ ಆಯಿತು. ಕೈಯಲ್ಲಿ ಮೆರುಗು ಕೊಡಲು ಹೊತ್ತು ಜಾಸ್ತಿ ಹಿಡಿಯುತ್ತದೆ, ಮಜೂರಿ ಸ್ವಲ್ಪ ಏರುತ್ತದೆ. ಏರಲಿ. ಪಾದರಸವೂ ಹಾಗೇ. ಕಸದಿಂದ ಚಿನ್ನ ಹಿಡಿಯಲು ಪಾದರಸ ಬಳಸಿ, ಆಮೇಲೆ ಬಯಲಲ್ಲಿ ಕಾಸಿ ಅದನ್ನು ಹಾರಿಸುವವರು ಇದ್ದಾರೆ. ನಾವು ಮಾರುವ ಕಸ ಅವರ ಹತ್ತಿರ ಹೋಗುತ್ತದೆಯಾ ಅಂತ ಕೇಳುವುದು ನಮ್ಮ ಕೆಲಸವೇ. ಕಸ ಮಾರಿ ಕೈ ತೊಳೆದುಕೊಳ್ಳಲು ಆಗಲ್ಲ. ಡ್ರಮ್ಮಿನಲ್ಲೂ ಆಗಲ್ಲ.

(ಇಲ್ಲಿ ಕರೆಂಟು ಹೋಯಿತು.)

ಈಗ ಅಪ್ಪನ ಮಾತು. ಅಪ್ಪ ಬೆಸುಗೆಯಲ್ಲಿ ಎತ್ತಿದ ಕೈ. ಬೋರಮಾಳದ ಗುಂಡು, ಬುಗುಡಿಯ ಕೊಂಡಿ, ಲಿಂಗದ ಕರಡಿಗೆಯ ಕಿವಿ, ಎಲ್ಲಿ ಬೆಸೆದಿದ್ದಾರೆ ಅಂತ ಗೊತ್ತಾಗುತ್ತಿರಲಿಲ್ಲ. ಮೊದಲೆಲ್ಲ ಬೆಸುಗೆಗೆ ಚಿನ್ನದ ಜೊತೆ ಬೆಳ್ಳಿ, ತಾಮ್ರ ಹೆಚ್ಚು ಬೆರೆಸುತ್ತಿದ್ದರು. ಬೆಸೆದ ಜಾಗದಲ್ಲಿ ಚಿನ್ನ ಕಡಿಮೆ. ಹಳೆಯ ಒಡವೆ ಕರಗಿಸಿದಾಗ “ಇಪ್ಪತ್ತೆರಡು ಅಂದಿದ್ರಿ, ಇಪ್ಪತ್ತಕ್ಕ ಬಂತಲ್ಲ” ಅಂತ ಗಿರಾಕಿ ಜಗಳ ತೆಗೆಯುತ್ತಿದ್ದದ್ದು ಇದಕ್ಕೇ. ಆಮೇಲೆ ಕೆಡಿಎಂ ಬಂತು. ಕೆಡಿಎಂ ಅಂದರೆ ಏನೋ ದೊಡ್ಡ ಗುಣಮಟ್ಟದ ಮುದ್ರೆ ಅಂತ ಈಗಲೂ ಕೇಳಿಕೊಂಡು ಬರುವವರಿದ್ದಾರೆ. ಅದು ಕ್ಯಾಡ್ಮಿಯಂ, ಅಷ್ಟೇ. 92 ಭಾಗ ಚಿನ್ನಕ್ಕೆ 8 ಭಾಗ ಕ್ಯಾಡ್ಮಿಯಂ ಸೇರಿಸಿದರೆ ಬೆಸುಗೆ ಬೇಗ ಕರಗುತ್ತದೆ. ಬೆಸೆದ ಜಾಗದಲ್ಲೂ ಚಿನ್ನ ಕಡಿಮೆಯಾಗುವುದಿಲ್ಲ.

ಕ್ಯಾಡ್ಮಿಯಂ ಸುಮಾರು 767 ಡಿಗ್ರಿಗೇ ಕುದ್ದು ಆವಿಯಾಗುತ್ತದೆ. ನಮ್ಮ ಊದುಗೊಳವೆಯ ಉರಿ ಅದಕ್ಕಿಂತ ಎಷ್ಟೋ ಬಿಸಿ. ‘ಸುಟ್ಟು ಹೋಗುತ್ತದೆ, ಒಡವೆಯಲ್ಲಿ ಉಳಿಯುವುದಿಲ್ಲ, ಅದಕ್ಕೇ ಶುದ್ಧ’ ಅಂತ ಆಗ ಎಲ್ಲರೂ ಹೊಗಳುತ್ತಿದ್ದರು. ಸುಟ್ಟು ಎಲ್ಲಿಗೆ ಹೋಯಿತು ಅಂತ ಯಾರೂ ಕೇಳಲಿಲ್ಲ. ಉರಿಯಿಂದ ಒಂದು ಗೇಣು ದೂರದಲ್ಲಿ ಅಪ್ಪನ ಮುಖ ಇತ್ತು. ಗಿರಾಕಿಯ ಸರ ಶುದ್ಧವಾಯಿತು, ಹೋದದ್ದೆಲ್ಲ ಅಪ್ಪನ ಪುಪ್ಪುಸಕ್ಕೆ ಹೋಯಿತು.

ಕ್ಯಾಡ್ಮಿಯಂ ಮೂತ್ರಪಿಂಡದಲ್ಲಿ ಕೂತರೆ ಹತ್ತಾರು ವರ್ಷ ಏಳುವುದಿಲ್ಲ. ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿನಲ್ಲೇ ಅದರ ಹೆಸರಿದೆ. ಅಪ್ಪನಿಗೆ ಐವತ್ತೆಂಟಕ್ಕೆ ಮೆಟ್ಟಿಲು ಹತ್ತಲು ಆಗುತ್ತಿರಲಿಲ್ಲ. ಒಂದು ಆಸ್ಪತ್ರೆಗೆ ತೋರಿಸಿದೆವು. “ಬೀಡಿ ಸೇದುತ್ತೀರಾ?” ಅಂತ ಕೇಳಿದರು. ಇಲ್ಲ ಅಂದರು ಅಪ್ಪ. ನಂಬಲಿಲ್ಲ. ಏನು ಕಸುಬು ಅಂತ ಯಾರೂ ಕೇಳಲಿಲ್ಲ, ನಾವೂ ಹೇಳಲಿಲ್ಲ, ಯಾಕೆಂದರೆ ಕಸುಬಿಗೂ ಕೆಮ್ಮಿಗೂ ಸಂಬಂಧ ಇದೆ ಅಂತ ನಮಗೇ ಗೊತ್ತಿರಲಿಲ್ಲ. ಅಪ್ಪನ ಕೆಮ್ಮು ಕ್ಯಾಡ್ಮಿಯಂನಿಂದಲೇ ಬಂತು ಅಂತ ನಾನು ಆಣೆ ಮಾಡಿ ಹೇಳಲಾರೆ. ಆ ಪ್ರಶ್ನೆ ಯಾರೂ ಕೇಳಲೇ ಇಲ್ಲ ಅನ್ನುವುದು ಮಾತ್ರ ನಿಜ.

ಈಗ ಬೆಸುಗೆಗೆ ಸತು, ಇಂಡಿಯಂ ಬೆರೆತ ಪುಡಿ ಸಿಗುತ್ತದೆ. ಬೆಲೆ ಜಾಸ್ತಿ, ಕೈ ಪಳಗಲು ಒಂದು ತಿಂಗಳು ಬೇಕು. ಹಾಲ್‌ಮಾರ್ಕ್ ಒಡವೆಯಲ್ಲಿ ಕ್ಯಾಡ್ಮಿಯಂಗೆ ಜಾಗ ಇಲ್ಲ. 2021ರ ಜೂನ್ 16ರಿಂದ ಹಾಲ್‌ಮಾರ್ಕ್ ಕಡ್ಡಾಯ ಆಯಿತು, ಮೊದಲ ಹಂತದಲ್ಲಿ ದೇಶದ 256 ಜಿಲ್ಲೆಗಳಲ್ಲಿ. 2023ರ ಏಪ್ರಿಲ್ 1ರಿಂದ ಒಂದೊಂದು ಒಡವೆಗೂ ಬೇರೆಬೇರೆಯಾದ, ಆರು ಅಕ್ಷರ-ಅಂಕಿಯ ಎಚ್‌ಯುಐಡಿ ಗುರುತಿನ ಸಂಖ್ಯೆಯೂ ಬೇಕು. ನಮ್ಮವರು ಇದನ್ನು ಬೈದದ್ದು ನನಗೆ ಗೊತ್ತು, ನಾನೂ ಬೈದಿದ್ದೇನೆ. ಆದರೆ ನೋಡಿ, ಆ ಮುದ್ರೆ ಹೇಳುವುದು ಚಿನ್ನ ಎಷ್ಟು ಶುದ್ಧ ಅಂತ ಮಾತ್ರ. ಅದನ್ನು ಮಾಡಿದವನ ಎದೆ ಹೇಗಿದೆ, ಗಟಾರ ಹೇಗಿದೆ ಅಂತ ಹೇಳುವ ಮುದ್ರೆ ಇನ್ನೂ ಯಾರೂ ಒತ್ತಿಲ್ಲ. ದೊಡ್ಡ ಕಂಪನಿಗಳು ವಿದೇಶದಿಂದ ಸರ್ಟಿಫಿಕೇಟು ತರಿಸುತ್ತವೆ. ತರಿಸಲಿ, ತಪ್ಪಲ್ಲ. ನನ್ನಂಥವನಿಗೆ ಆ ಸರ್ಟಿಫಿಕೇಟಿನ ಖರ್ಚಿನಲ್ಲಿ ಎರಡು ಹೊಗೆ ಪೆಟ್ಟಿಗೆ ಬರುತ್ತವೆ.

ನಮ್ಮಲ್ಲಿ ಕೂರುವವರಲ್ಲಿ ಆರು ಜನ ಬಂಗಾಳದ ಕಾರಿಗರು. ಹುಬ್ಬಳ್ಳಿಯ ಒಡವೆ ಕೆಲಸದಲ್ಲಿ ಅವರ ಕೈ ಎಷ್ಟಿದೆ ಅಂತ ಇಲ್ಲಿ ಕೂತವರಿಗೆಲ್ಲ ಗೊತ್ತು, ಮೈಕಿನಲ್ಲಿ ಹೇಳುವವರು ಮಾತ್ರ ಕಡಿಮೆ. ಕೆಲಸ ಮಾಡುವ ಕೋಣೆಯಲ್ಲೇ ಮಲಗುತ್ತಾರೆ. ಹಗಲು ಆ್ಯಸಿಡ್ ಕಾಸಿದ ಕೋಣೆಯಲ್ಲಿ ರಾತ್ರಿ ಅನ್ನ ಬೇಯಿಸುತ್ತಾರೆ. ನಮ್ಮಲ್ಲೂ ಹಾಗೇ ಇತ್ತು. 2020ರ ಲಾಕ್‌ಡೌನಿನಲ್ಲಿ ಎರಡು ತಿಂಗಳು ಅವರು ಅದೇ ಕೋಣೆಯಲ್ಲಿ ಸಿಕ್ಕಿಬಿದ್ದಾಗ ನಾನು ದಿನಾ ಅಕ್ಕಿ-ಬೇಳೆ ಒಯ್ಯುತ್ತಿದ್ದೆ. ಉಪಕಾರ ಮಾಡುತ್ತಿದ್ದೇನೆ ಅಂದುಕೊಂಡಿದ್ದೆ. ಒಂದು ದಿನ ಒಳಗೆ ಹೋಗಿ ಕೂತೆ. ಹತ್ತು ನಿಮಿಷಕ್ಕೆ ಕಣ್ಣು ಉರಿಯಿತು. ಅವರು ಅಲ್ಲಿ ಆರು ವರ್ಷದಿಂದ ಮಲಗುತ್ತಿದ್ದರು. ಆಮೇಲೆ ಬೇರೆ ಮನೆ ಬಾಡಿಗೆಗೆ ಹಿಡಿದೆ.

ಹತ್ತು ಮತ್ತು ಅದಕ್ಕಿಂತ ಹೆಚ್ಚು ಜನ ಇದ್ದರೆ ಇಎಸ್‌ಐ, ಅಂದರೆ ಕೆಲಸಗಾರರ ಆರೋಗ್ಯ ವಿಮೆ, ಬರುತ್ತದೆ. ಅದಕ್ಕೇ ಎಷ್ಟೋ ಅಂಗಡಿಗಳಲ್ಲಿ ಪುಸ್ತಕದ ಪ್ರಕಾರ ಒಂಬತ್ತೇ ಜನ! ನಗಬೇಡಿ, ನಮ್ಮಲ್ಲೂ ಒಂದು ಕಾಲಕ್ಕೆ ಒಂಬತ್ತೇ ಇದ್ದರು. ಇನ್ನೊಂದು, ಮಕ್ಕಳು. ನಾನೇ ಒಂಬತ್ತು ವರ್ಷದವನಿದ್ದಾಗ ಕುಲುಮೆ ಮುಂದೆ ಕೂತವನು. ‘ಮನೆ ಕಸುಬು, ಕಲಿಯಲಿ’ ಅಂತ. ಕೈ ಸಣ್ಣ ವಯಸ್ಸಿಗೇ ಪಳಗಬೇಕು ಅನ್ನುವುದರಲ್ಲಿ ನಿಜ ಇದೆ. ಮೇಣದಲ್ಲಿ ಕೆತ್ತಲಿ, ಚಿತ್ರ ಬರೆಯಲಿ, ತಾಮ್ರದ ತಂತಿಯಲ್ಲಿ ಸರಪಳಿ ಹೆಣೆಯಲಿ, ಶಾಲೆಯಿಂದ ಬಂದ ಮೇಲೆ. ಹದಿನೆಂಟು ತುಂಬದವರನ್ನು ಉರಿ ಮತ್ತು ಆ್ಯಸಿಡ್ ಹತ್ತಿರ ಕೂರಿಸಬಾರದು. ಇದರಲ್ಲಿ ನನಗೆ ಎರಡು ಮನಸ್ಸಿಲ್ಲ.

ಪತ್ತಾರರಿಗೆ ಇದನ್ನೆಲ್ಲ ಹೇಳುವಾಗ ಒಂದು ಹಳೆ ನೋವು ಅಡ್ಡ ಬರುತ್ತದೆ. ಕಾನೂನು ಅಂದರೆ ನಮ್ಮ ಹಿರಿಯರಿಗೆ ನೆನಪಾಗುವುದು 1963. ಚೀನಾ ಯುದ್ಧ ಮುಗಿದಿತ್ತು, ಚಿನ್ನದ ನಿಯಂತ್ರಣ ಬಂತು. 14 ಕ್ಯಾರೆಟ್‌ಗಿಂತ ಶುದ್ಧವಾದ ಹೊಸ ಒಡವೆ ಮಾಡುವಂತಿಲ್ಲ. ಯಾರು ಹಾಕಿಕೊಳ್ಳುತ್ತಾರೆ ಹದಿನಾಲ್ಕು ಕ್ಯಾರೆಟ್ ತಾಳಿ? ದೇಶದ ತುಂಬ ಅಕ್ಕಸಾಲಿಗರು ಒಂದೇ ಏಟಿಗೆ ಕೆಲಸ ಕಳೆದುಕೊಂಡರು. ಜೀವ ಕಳೆದುಕೊಂಡವರೂ ಇದ್ದಾರೆ. ನಮ್ಮ ಮುತ್ಯಾ, ಅಂದರೆ ಅಜ್ಜ, ಇಲ್ಲೇ ಒಂದು ಹತ್ತಿ ಗಿರಣಿಯಲ್ಲಿ ತೂಕ ಬರೆಯುವ ಕೆಲಸಕ್ಕೆ ಸೇರಿದರು. ಗುಲಗಂಜಿ ತೂಗಿದ ಕೈ ಹತ್ತಿ ಅಂಡಿಗೆ ತೂಗಿತು. ಆ ಕಾನೂನು ಪೂರ್ತಿ ಹೋಗಿದ್ದು 1990ರಲ್ಲಿ. ಹಾಗಾಗಿ ‘ನಿಯಮ’ ಅಂದ ಕೂಡಲೇ ನಮ್ಮವರು ಬಾಗಿಲು ಹಾಕಿಕೊಂಡರೆ ನಾನು ಅವರನ್ನು ಬೈಯಲ್ಲ. ಈಗ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ ಹದಿನೆಂಟು ಕಸುಬುಗಳಲ್ಲಿ ನಮ್ಮದೂ ಒಂದು, ಉಪಕರಣಕ್ಕೆ 15,000 ರೂಪಾಯಿ ಕೊಡುತ್ತಾರೆ. ನಿಮ್ಮ ಗಲ್ಲಿಯಲ್ಲಿ ಯಾರಾದರೂ ಅದರಲ್ಲಿ ಹೊಗೆ ಹೀರುವ ಫ್ಯಾನ್ ತಗೊಂಡಿದ್ದರೆ ನನಗೆ ತೋರಿಸಿ. ನಾನು ನೋಡಿಲ್ಲ.

ಇಷ್ಟೂ ಅಂಗಡಿಯಿಂದ ಹೊರಗೆ ಹೋಗುವುದರ ಮಾತಾಯಿತು. ಒಳಗೆ ಬರುವುದು? ಚಿನ್ನ ಎಲ್ಲಿಂದ ಬರುತ್ತದೆ? ಇದಕ್ಕೆ ನನ್ನ ಹತ್ತಿರ ಒಳ್ಳೆಯ ಉತ್ತರ ಇಲ್ಲ. ನಮ್ಮ ದೇಶ ವರ್ಷಕ್ಕೆ ಸುಮಾರು 700-800 ಟನ್ ಚಿನ್ನ ಹೊರಗಿನಿಂದ ತರಿಸುತ್ತದೆ. ನಾವು ತೆಗೆಯುವುದು ಒಂದೂವರೆ ಟನ್ ಆಸುಪಾಸು, ಅದರಲ್ಲಿ ಹೆಚ್ಚಿನದು ರಾಯಚೂರು ಜಿಲ್ಲೆಯ ಹಟ್ಟಿಯದು. ಕೆಜಿಎಫ್ 2001ರಲ್ಲೇ ಮುಚ್ಚಿತು. ಚಿನ್ನ ತೆಗೆದು ಉಳಿದ ಪುಡಿಯ ಅಲ್ಲಿನ ಸಯನೈಡ್ ದಿಬ್ಬಗಳು ಮುಚ್ಚಿಲ್ಲ, ಗಾಳಿ ಬಂದರೆ ಧೂಳು ಊರ ಮೇಲೆ ಬೀಳುತ್ತದೆ. ಒಂದು ಟನ್ ಕಲ್ಲು ಅರೆದರೆ ಮೂರು ಗ್ರಾಂ ಸಿಕ್ಕರೆ ಒಳ್ಳೆಯ ಗಣಿ. ಹತ್ತು ಗ್ರಾಮಿನ ಒಂದು ಬಳೆಗೆ ಮೂರು ಟನ್ನಿಗೂ ಜಾಸ್ತಿ ಕಲ್ಲು. ಒಂದು ಟ್ರ್ಯಾಕ್ಟರ್ ಟ್ರೇಲರ್ ತುಂಬ ಅನ್ನಿ. ಅದೂ ಅರೆದು, ಸಯನೈಡ್ ನೀರಿನಲ್ಲಿ ತೊಳೆದು.

ನಮ್ಮ ಕಪ್ಪತಗುಡ್ಡಕ್ಕೂ ಈ ಗತಿ ಬರುವುದರಲ್ಲಿತ್ತು. ನೂರು ವರ್ಷದ ಹಿಂದೆ ಇಂಗ್ಲಿಷರ ಕಂಪನಿಗಳು ಕಬಲಾಯತಕಟ್ಟಿ ಕಡೆ ಅಗೆದು, ಪೂರೈಸದೆ ಬಿಟ್ಟು ಹೋಗಿದ್ದವು. ಮತ್ತೆ ನಮ್ಮ ಕಾಲದಲ್ಲಿ ಗಣಿಗಾರಿಕೆಯ ಪ್ರಯತ್ನ ನಡೆಯಿತು. ಸರ್ಕಾರ ಸಂರಕ್ಷಿತ ಪ್ರದೇಶ ಅಂತ ಹೇಳಿದ್ದನ್ನು 2016ರಲ್ಲಿ ಹಿಂದಕ್ಕೆ ತಗೊಂಡಿತು. ಆಗ ಗದಗಿನಲ್ಲಿ ಜನ ಎದ್ದರು. ಅಲ್ಲಿನ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮೀಜಿ ಮುಂದೆ ನಿಂತರು. 2017ರಲ್ಲಿ ಸರ್ಕಾರ ಮಾತು ಬದಲಿಸಿ ಮತ್ತೆ ಸಂರಕ್ಷಿತ ಪ್ರದೇಶ ಅಂದಿತು. 2019ರಲ್ಲಿ ಕಪ್ಪತಗುಡ್ಡ ವನ್ಯಜೀವಿಧಾಮ ಆಯಿತು, ಸುಮಾರು 244 ಚದರ ಕಿಲೋಮೀಟರ್.

ಗದಗಿನ ಧರಣಿಗೆ ನಾನೂ ಒಂದು ದಿನ ಹೋಗಿ ಕೂತಿದ್ದೆ. ಪಕ್ಕದಲ್ಲಿ ಕೂತ ಹಳ್ಳಿಯ ಹಿರಿಯರೊಬ್ಬರು “ನಿಮ್ಮದೇನು ಕಸುಬು?” ಅಂದರು. ಪತ್ತಾರಿಕೆ ಅಂದೆ. ನಕ್ಕರು. “ನಮ್ಮ ಗುಡ್ಡದ್ದು ಬ್ಯಾಡ, ಬ್ಯಾರೇದವರ ಗುಡ್ಡದ್ದು ನಡೀತೈತಿ, ಹೌದಿಲ್ಲೋ?” ಅಂದರು. ಉತ್ತರ ಹೊಳೆಯಲಿಲ್ಲ. ಬಸ್ಸಿನಲ್ಲಿ ಅಣ್ಣಿಗೇರಿ ದಾಟುವವರೆಗೂ ಹೊಳೆಯಲಿಲ್ಲ, ಇವತ್ತಿಗೂ ಪೂರ್ತಿ ಹೊಳೆದಿಲ್ಲ. ಬ್ಯಾಂಕಿನ ಚಿನ್ನದ ಬಿಸ್ಕತ್ತು ಯಾವ ದೇಶದ ಯಾವ ಗುಡ್ಡದ್ದು ಅಂತ ತಿಳಿಯುವ ದಾರಿ ನನ್ನಂಥ ಸಣ್ಣವನಿಗಿಲ್ಲ. ನಾನು ಮಾಡಬಹುದಾದದ್ದು ಒಂದೇ: ಹೊಸ ಬಿಸ್ಕತ್ತು ಕಡಿಮೆ, ಹಳೆಯ ಚಿನ್ನ ಜಾಸ್ತಿ. ನಮ್ಮ ಮನೆಗಳಲ್ಲೇ ಚಿನ್ನ ಇದೆ. ಎಲ್ಲ ಟ್ರಂಕಿನಲ್ಲಿ ಮಲಗಿದೆ. ಈಗ ನಮ್ಮ ಕೆಲಸದಲ್ಲಿ ಅರ್ಧಕ್ಕಿಂತ ಜಾಸ್ತಿ ಗಿರಾಕಿಗಳ ಹಳೆಯ ಚಿನ್ನವೇ. ಆದರೆ ಅದರಲ್ಲೂ ಒಂದು ಹುಳುಕಿದೆ. ರಸೀದಿ ಇಲ್ಲದೆ, ಯಾರದ್ದು ಅಂತ ಕೇಳದೆ ಹಳೆ ಚಿನ್ನ ಕೊಂಡರೆ ಅದು ಯಾರದೋ ಕತ್ತಿನಿಂದ ಕಿತ್ತದ್ದೂ ಆಗಿರಬಹುದು. ಕರಗಿಸಿದ ಮೇಲೆ ಚಿನ್ನಕ್ಕೆ ನೆನಪಿರುವುದಿಲ್ಲ. ಗುರುತಿನ ಚೀಟಿ ಕೇಳಿದ್ದಕ್ಕೆ ಎದ್ದು ಹೋದವರನ್ನು ನಾನು ವಾಪಸ್ ಕರೆದಿಲ್ಲ.

ನನ್ನ ಮಾತು ಇಷ್ಟೇ ಇತ್ತು. ಪ್ರಶ್ನೆಗಳು ಬಂದವು. ಹುಡುಗನೊಬ್ಬ ಲ್ಯಾಬಿನಲ್ಲಿ ಬೆಳೆಸುವ ವಜ್ರದ ಬಗ್ಗೆ ಕೇಳಿದ. ನಾನು ವಜ್ರದ ಕೆಲಸ ಮಾಡುವುದಿಲ್ಲ ಅಂದುಬಿಟ್ಟೆ. ಇನ್ನೊಬ್ಬರು “ಇಷ್ಟೆಲ್ಲ ಮಾಡಿದ್ರ ಮಜೂರಿ ಎಷ್ಟ ಏರಿಸಿದ್ರಿ?” ಅಂದರು. ಗ್ರಾಂಗೆ ಹದಿನೆಂಟು ರೂಪಾಯಿ. ಮೊದಲ ವರ್ಷ ಕೆಲವು ಗಿರಾಕಿಗಳು ಹೋದರು. ಎಲ್ಲರೂ ವಾಪಸ್ ಬಂದರು ಅಂತ ಸುಳ್ಳು ಹೇಳಲ್ಲ, ಕೆಲವರು ಬಂದರು.

ಗದಗಿನಿಂದ ಬಂದಿದ್ದ ಒಬ್ಬ ತಾಯಿ ಎದ್ದು ನಿಂತರು. “ಅಣ್ಣಾರ, ನಮ್ಮ ಅತ್ತಿ ಬೋರಮಾಳ ಐತ್ರಿ. ಮುರಿಸಿ ಮಗಳಿಗೆ ಹೊಸಾ ಡಿಸೈನ್ ಮಾಡಸ್ಲೇನ್ರಿ?” ಮುರಿಸಬೇಡಿ ತಾಯಿ ಅಂದೆ. ಮುರಿಸಿದರೆ ಮತ್ತೆ ಆ್ಯಸಿಡ್, ಮತ್ತೆ ಬೆಳ್ಳಿ, ಮತ್ತೆ ತಾಮ್ರ, ಒಂದಿಷ್ಟು ಚಿನ್ನವೂ ಹೋಗುತ್ತದೆ. ತಗ್ಗು ಬಿದ್ದ ಗುಂಡು ಸರಿಮಾಡಿ, ಅಂಟುವಾಳದ ನೀರಲ್ಲಿ ತೊಳೆದು, ಹೊಸ ದಾರಕ್ಕೆ ಪೋಣಿಸಿದರೆ ಮಗಳೇ ಕೇಳಿ ಹಾಕಿಕೊಳ್ಳುತ್ತಾಳೆ. ಮುಂದಿನ ಸಾಲಿನಲ್ಲಿದ್ದ ನಮ್ಮ ವ್ಯಾಪಾರಿಗಳು ‘ಇವನಿಗೇನಾಗಿದೆ’ ಅನ್ನುವ ಹಾಗೆ ನನ್ನನ್ನು ನೋಡಿದರು.

ಕೊನೆಗೆ ಹಿಂದಿನಿಂದ ಒಬ್ಬ ಹಿರಿಯ ಪತ್ತಾರರು ಕೇಳಿದರು. “ತಮ್ಮಾ, ಎಲ್ಲಾ ಖರೇ. ಆ ಡ್ರಮ್ಮಿನ ರಾಡಿ ಎಲ್ಲಿ ಒಗೀತಿ?”

ನಾನು ಹೆದರಿದ್ದು ಇದೇ ಪ್ರಶ್ನೆಗೆ. ನಿಯಮದ ಪ್ರಕಾರ ಅದು ಅಪಾಯಕಾರಿ ತ್ಯಾಜ್ಯ. ಹೆಚ್ಚೆಂದರೆ 90 ದಿನ ಇಟ್ಟುಕೊಂಡು, ಅನುಮತಿ ಇರುವ ಘಟಕಕ್ಕೆ ಕಳಿಸಬೇಕು. ನಮ್ಮದು ವರ್ಷಕ್ಕೆ ಒಂದೂವರೆ ಡ್ರಮ್ ಆಗುವುದಿಲ್ಲ. ಅಷ್ಟಕ್ಕೆ ಲಾರಿ ಕಳಿಸಲು ಯಾರೂ ತಯಾರಿಲ್ಲ. ಫೋನ್ ಮಾಡಿದರೆ “ಜಾಸ್ತಿ ಆದ ಮೇಲೆ ಹೇಳಿ” ಅನ್ನುತ್ತಾರೆ. ಎರಡು ಡ್ರಮ್ ನಮ್ಮ ಮೆಟ್ಟಿಲ ಕೆಳಗೆ ಕೂತಿವೆ, ತೊಂಬತ್ತು ದಿನ ದಾಟಿ ಎಷ್ಟೋ ಆಯಿತು. ನಾಲ್ಕೈದು ಅಂಗಡಿ ಸೇರಿ ಒಂದೇ ಸಲಕ್ಕೆ ಕಳಿಸಿದರೆ ಲಾರಿ ಬರುತ್ತದೆ, ಕಾಗದವೂ ಸರಿಯಾಗುತ್ತದೆ. ಇದನ್ನು ಹೇಳಿ, ಯಾರಾದರೂ ಇದ್ದೀರಾ ಅಂತ ಕೇಳಿದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಚಹಾ ಬಂತು, ಎಲ್ಲರೂ ಎದ್ದರು. ಚಹಾ ಕುಡಿಯುವಾಗ ಮೂರು ಜನ ಬಂದು ನಂಬರ್ ತಗೊಂಡರು.

ಅದಾಗಿ ಮುಂದಿನ ಮಂಗಳವಾರ ಆ ಹಿರಿಯರು ನಮ್ಮ ಮೆಟ್ಟಿಲು ಹತ್ತಿ ಬಂದರು. ಎರಡು ಕಡೆ ನಿಂತು ಸುಧಾರಿಸಿಕೊಂಡು ಬಂದರು. ಹಿಂದೆ ಅವರ ಮೊಮ್ಮಗ, ಅವನ ಕೈಯಲ್ಲಿ ಐದು ಲೀಟರಿನ ಕ್ಯಾನು, ಒಳಗೆ ನವಿಲು ಬಣ್ಣದ ನೀರು. “ತೂಗು” ಅಂದರು. ತೂಗಿದೆ. ಐದು ಕಿಲೋ ಇನ್ನೂರು ಗ್ರಾಂ. ಚಿನ್ನ ತಗೊಂಡಾಗ ಬರೆಯುವ ಚೀಟಿಯಲ್ಲೇ ಬರೆದು ಕೊಟ್ಟೆ. ಮಡಚಿ ಅಂಗಿ ಜೇಬಿಗೆ ಹಾಕಿಕೊಂಡರು.